ಮನೆಯ ಕ್ಷುದ್ರಜೀವಿಗಳೂ ಗೃಹಸ್ಥನ ಧರ್ಮವೂ
(ಚಾತುರ್ಮಾಸ್ಯದ ಉಪನ್ಯಾಸವೊಂದರ ಸಾರ)



ಚಾತುರ್ಮಾಸ್ಯವೆಂದರೆ ಮಳೆಗಾಲ. ಕರಾವಳಿಯ ನಮ್ಮ ಸೀಮೆಯಲ್ಲಿ ಈ ದಿನಗಳಲ್ಲಿ ಮನೆಗೆ ಬರುವವರು ನೆಂಟರಿಷ್ಟರು ಮಾತ್ರವಲ್ಲ. ನೆಲದ ಬಿಲಗಳಲ್ಲಿ ನೀರು ತುಂಬಿದೊಡನೆ ಇರುವೆಗಳ ಸಾಲು ಗೋಡೆಯನ್ನೇರುತ್ತದೆ. ಜಿರಳೆಗಳು ಅಡಿಗೆಮನೆಯ ಸಂದಿಗಳನ್ನು ಆಶ್ರಯಿಸುತ್ತವೆ. ಮಾಡಿನ ಜಂತಿಗಳ ನಡುವೆ ಜೇಡ ಬಲೆ ಕಟ್ಟುತ್ತದೆ. ಬಚ್ಚಲಿನಲ್ಲಿ ಜರಿ, ಕಟ್ಟಿಗೆಯ ರಾಶಿಯಲ್ಲಿ ಚೇಳು, ಉಗ್ರಾಣದಲ್ಲಿ ಇಲಿ, ಇಲಿಯ ಬೆನ್ನಿಗೆ ಹಾವು. ಹೀಗೆ ನಾಲ್ಕು ತಿಂಗಳ ಕಾಲ ನಮ್ಮ ಮನೆಯು ಕೇವಲ ನಮ್ಮದಾಗಿ ಉಳಿಯುವುದಿಲ್ಲ.

ಕಳೆದ ವಾರ ನಮ್ಮ ದೇವಸ್ಥಾನದಲ್ಲಿ ಭಾಗವತದ ಉಪನ್ಯಾಸ ಮುಗಿದು ಮಂಗಳಾರತಿಯಾದ ಮೇಲೆ, ಸದಾ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಒಬ್ಬ ತಾಯಿ ನಮ್ಮ ಬಳಿಗೆ ಬಂದರು. ತೀರ್ಥವನ್ನು ತೆಗೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಹೀಗೆ ಕೇಳಿದರು: “ಆಚಾರ್ರೇ, ಹೋದ ಮಳೆಗಾಲದಲ್ಲಿ ಮಗನಿಗೆ ಡೆಂಗ್ಯೂ ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದೆವು. ಉಳಿಯುತ್ತಾನೋ ಇಲ್ಲವೋ ಅಂತ ಎರಡು ರಾತ್ರಿ ಕಳೆದದ್ದುಂಟು. ಮನೆಗೆ ಬಂದು ಹಿತ್ತಿಲಿನ ತೊಟ್ಟಿ ನೋಡಿದರೆ ನೀರಿನ ತುಂಬ ಸೊಳ್ಳೆಯ ಹುಳು. ಅಷ್ಟನ್ನೂ ಅಂಗಳಕ್ಕೆ ಚೆಲ್ಲಿ ಒಣಗಿಸಿದೆ. ಚಾತುರ್ಮಾಸ್ಯದಲ್ಲಿ ಅಷ್ಟು ಜೀವ ತೆಗೆಯಬಾರದಿತ್ತು ಎಂದು ಅತ್ತೆ ಈಗಲೂ ಹೇಳ್ತಾರೆ. ಆ ಹುಳುಗಳ ಪಾಪ ಯಾರ ಲೆಕ್ಕಕ್ಕೆ?”

ನಾವು ಆಗ ಉತ್ತರವನ್ನು ಹೇಳಲಿಲ್ಲ. ಈ ಪ್ರಶ್ನೆಯ ಹಿಂದೆ ಒಬ್ಬ ತಾಯಿಯ ಎರಡು ರಾತ್ರಿಗಳಿವೆ, ಒಬ್ಬ ಹಿರಿಯರ ಧರ್ಮಭಯವೂ ಇದೆ. ಎರಡನ್ನೂ ಹಗುರಾಗಿ ಕಾಣಲಾಗದು. ಆದಕಾರಣ ಗ್ರಂಥಗಳನ್ನು ಮತ್ತೊಮ್ಮೆ ನೋಡಿ, ಮುಂದಿನ ಉಪನ್ಯಾಸದಲ್ಲಿ ಹೇಳಿದುದನ್ನು ಇಲ್ಲಿ ಸಂಗ್ರಹಿಸಿ ಕೊಟ್ಟಿದ್ದೇವೆ.

ಯತಿಗಳು ನಡೆಯದ ತಿಂಗಳುಗಳು

ಮೊದಲಿಗೆ ಚಾತುರ್ಮಾಸ್ಯದ ಮಾತು. ಸಂನ್ಯಾಸವನ್ನು ಸ್ವೀಕರಿಸುವಾಗ ಯತಿಯು ಸಕಲ ಪ್ರಾಣಿಗಳಿಗೂ ಅಭಯವನ್ನು ಕೊಡುತ್ತಾನೆ. ನನ್ನಿಂದ ನಿಮಗೆ ಭಯವಿಲ್ಲವೆಂಬುದು ಅವನ ಪ್ರತಿಜ್ಞೆ. ಮಳೆ ಬಿದ್ದೊಡನೆ ನೆಲದ ಮೇಲೆ ಕಣ್ಣಿಗೆ ಕಾಣುವ, ಕಾಣದಿರುವ ಅಸಂಖ್ಯ ಜೀವಿಗಳು ಹುಟ್ಟುತ್ತವೆ. ದಾರಿ ನಡೆದರೆ ಪಾದದಡಿಯಲ್ಲಿ ಅವುಗಳ ಪ್ರಾಣಹಾನಿ ತಪ್ಪದು. ಆದುದರಿಂದಲೇ ನಿತ್ಯ ಸಂಚಾರಶೀಲರಾದ ಯತಿಗಳು ಮಳೆಗಾಲದಲ್ಲಿ ಒಂದೇ ಕ್ಷೇತ್ರದಲ್ಲಿ ನೆಲೆಸುತ್ತಾರೆ. ಗೃಹಸ್ಥರಾದ ನಾವು ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳನ್ನು ನೆನಪಿಟ್ಟು ಆಚರಿಸುತ್ತೇವೆ. ಪೀಠಾಧಿಪತಿಗಳು ಒಂದೆಡೆ ನಿಂತುದಕ್ಕೆ ಇರುವೆ, ಎರೆಹುಳುಗಳೂ ಒಂದು ಕಾರಣವೆಂಬುದನ್ನು ಮಾತ್ರ ಮರೆಯುತ್ತೇವೆ. ಮಠದ ಒಂದು ಮಹಾವ್ರತವೇ ಕ್ಷುದ್ರಜೀವಿಗಳ ಮೇಲಣ ಕರುಣೆಯಿಂದ ರೂಪುಗೊಂಡಿರುವಾಗ, ಈ ವಿಷಯವು ಉಪನ್ಯಾಸಕ್ಕೆ ಯೋಗ್ಯವಲ್ಲವೆಂದು ಯಾರೂ ಹೇಳಲಾರರು.

ಆದರೆ ಯತಿಯ ಧರ್ಮ ಬೇರೆ, ಗೃಹಸ್ಥನ ಧರ್ಮ ಬೇರೆ. ಯತಿಗೆ ಒಲೆಯಿಲ್ಲ, ಕಣಜವಿಲ್ಲ, ತೊಟ್ಟಿಲಿಲ್ಲ. ಗೃಹಸ್ಥನಿಗೆ ಇವು ಮೂರೂ ಇವೆ. ಒಲೆಯ ಬಳಿಗೆ ಜಿರಳೆ, ಕಣಜದ ಬಳಿಗೆ ಇಲಿ, ತೊಟ್ಟಿಲಿನ ಬಳಿಗೆ ಸೊಳ್ಳೆ ಬಂದೇ ಬರುತ್ತವೆ. ಹಾಗಿದ್ದರೆ ಗೃಹಸ್ಥನಿಗೆ ಶಾಸ್ತ್ರವು ಏನು ದಾರಿ ತೋರಿಸಿದೆ?

ಐದು ಸೂನೆಗಳು

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನ ಮನೆಯಲ್ಲಿ ಐದು ಸೂನೆಗಳಿವೆಯೆಂದು ಹೇಳಿದೆ. ಸೂನಾ ಎಂದರೆ ವಧಸ್ಥಾನ. ಅಡಿಗೆಯ ಒಲೆ, ಅರೆಯುವ ಕಲ್ಲು, ಪೊರಕೆ ಮೊದಲಾದ ಸಲಕರಣೆ, ಒರಳು ಒನಕೆ, ನೀರಿನ ಕೊಡ ಇವೇ ಆ ಐದು. ನಾವು ಅತ್ಯಂತ ಪವಿತ್ರವೆಂದು ಮಡಿಯಲ್ಲಿ ಮುಟ್ಟುವ ವಸ್ತುಗಳನ್ನೇ ಶಾಸ್ತ್ರವು ವಧಸ್ಥಾನಗಳೆಂದು ಕರೆದಿದೆ! ಒಲೆ ಉರಿಯುವಾಗ ಕಟ್ಟಿಗೆಯೊಳಗಿನ ಹುಳು ಸಾಯುತ್ತದೆ, ಗುಡಿಸುವಾಗ ಇರುವೆ ಸಾಯುತ್ತದೆ, ಕೊಡವಿಟ್ಟಲ್ಲಿ ಅದರಡಿಯ ಜೀವಿ ಸಾಯುತ್ತದೆ. ಇಂದು ಒಲೆಗೆ ಬದಲಾಗಿ ಗ್ಯಾಸ್ ಬಂದಿರಬಹುದು, ಒರಳಿಗೆ ಬದಲಾಗಿ ಮಿಕ್ಸಿ ಬಂದಿರಬಹುದು. ಸೂನೆಗಳು ಐದರಿಂದ ನಾಲ್ಕಾಗಿಲ್ಲ.

ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಒಂದನೆಯದು, ಶಾಸ್ತ್ರವು ಗೃಹಸ್ಥನಿಗೆ ಒಲೆಯನ್ನು ಆರಿಸೆಂದು ವಿಧಿಸಲಿಲ್ಲ. ಬದುಕುವುದಕ್ಕೆ ಅನಿವಾರ್ಯವಾದ ಹಿಂಸೆಯು ಗೃಹಸ್ಥಾಶ್ರಮದೊಡನೆ ಹುಟ್ಟಿ ಬಂದಿದೆಯೆಂದು ಅದು ನೇರವಾಗಿ ಒಪ್ಪಿಕೊಂಡಿದೆ. ಎರಡನೆಯದು, ಅನಿವಾರ್ಯವೆಂದ ಮಾತ್ರಕ್ಕೆ ಅದನ್ನು ಲೆಕ್ಕದಿಂದ ತೆಗೆದುಹಾಕಲೂ ಇಲ್ಲ. ಅದರ ಪರಿಹಾರಕ್ಕಾಗಿಯೇ ಬ್ರಹ್ಮಯಜ್ಞ, ಪಿತೃಯಜ್ಞ, ದೇವಯಜ್ಞ, ಭೂತಯಜ್ಞ, ಮನುಷ್ಯಯಜ್ಞಗಳೆಂಬ ಐದು ಮಹಾಯಜ್ಞಗಳನ್ನು ದಿನದಿನವೂ ಮಾಡಬೇಕೆಂದು ವಿಧಿಸಿತು. ಅವುಗಳಲ್ಲಿ ಭೂತಯಜ್ಞವೆಂದರೆ ವೈಶ್ವದೇವದ ಬಲಿಹರಣ. ಆ ಬಳಿಕ ನಾಯಿಗೂ ಕಾಗೆಗೂ ಕ್ರಿಮಿಕೀಟಗಳಿಗೂ ಅನ್ನವನ್ನು ನೆಲದ ಮೇಲೆ ಮೆಲ್ಲನೆ ಇಡಬೇಕು. ಬಿಸಾಡಬೇಕೆಂದಲ್ಲ, ಮೆಲ್ಲನೆ ಇಡಬೇಕು. ನಮ್ಮ ಪೊರಕೆಯಡಿಯಲ್ಲಿ ತಿಳಿಯದೆ ಸತ್ತ ಇರುವೆಯ ಬಳಗಕ್ಕೆ ನಾವೇ ಕೈಯಾರೆ ಅನ್ನವಿಡುವ ಏರ್ಪಾಡು ಇದು. ಅಂಗಳದಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಹಾಕುತ್ತಿದ್ದ ನಮ್ಮ ಅಜ್ಜಿಯರೂ ಅರಿತೋ ಅರಿಯದೆಯೋ ಇದನ್ನೇ ನಡೆಸಿಕೊಂಡು ಬಂದರು.

ಒಳಗಿರುವವನು

ಜೇಡನಂತಹ ಜೀವಿಯಲ್ಲಿ ಗೌರವಿಸತಕ್ಕದ್ದು ಏನಿದೆ ಎಂದು ಕೇಳಬಹುದು. ಇದಕ್ಕೆ ನಮ್ಮ ಸಿದ್ಧಾಂತದಲ್ಲಿ ಸ್ಪಷ್ಟವಾದ ಉತ್ತರವಿದೆ. ಎಲ್ಲ ಜೀವರೂ ಒಂದೇ ಎಂದು ನಾವು ಹೇಳುವುದಿಲ್ಲ. ಜೀವಜೀವರಿಗೆ ಭೇದವಿದೆ, ತಾರತಮ್ಯವಿದೆ. ಮನುಷ್ಯನೂ ಜೇಡನೂ ಸಮಾನರೆಂದು ಹೇಳುವುದು ಶಾಸ್ತ್ರವಿರುದ್ಧ. ಆದರೆ ಪ್ರತಿಯೊಬ್ಬ ಜೀವನ ಒಳಗೂ ಬಿಂಬರೂಪಿಯಾದ ಶ್ರೀಹರಿಯು ನೆಲೆಸಿದ್ದಾನೆ. ಆನೆಯ ಒಳಗಿರುವ ಹರಿಯು ದೊಡ್ಡವನು, ಇರುವೆಯ ಒಳಗಿರುವ ಹರಿಯು ಚಿಕ್ಕವನು ಎಂಬುದಿಲ್ಲ. ಎಲ್ಲೆಡೆಯಲ್ಲಿಯೂ ಅವನು ಗುಣಪೂರ್ಣನೇ. ಗೀತೆಯ ಐದನೆಯ ಅಧ್ಯಾಯದಲ್ಲಿ ಬ್ರಾಹ್ಮಣ, ಗೋವು, ಆನೆ, ನಾಯಿ ಮೊದಲಾದವರಲ್ಲಿ ಜ್ಞಾನಿಗಳು ಸಮವನ್ನು ಕಾಣುತ್ತಾರೆಂದು ಭಗವಂತನು ಹೇಳಿದಾಗ, ಆ ಸಮತ್ವವು ಜೀವರದಲ್ಲ, ಅವರೊಳಗಿನ ಬ್ರಹ್ಮನದು ಎಂಬುದೇ ನಮ್ಮ ಆಚಾರ್ಯರ ದಾರಿ. ಹೊರಗಿನ ದೇಹಗಳು ಅಸಮ, ಒಳಗಿನ ಸ್ವಾಮಿಯು ಸಮ.

ಇನ್ನೊಂದು ಮಾತು. ಜೀವರೊಳಗೆ ನಿಂತು ಹಗಲಿರುಳು ಕೂಡಿ 21,600 ಬಾರಿ ಹಂಸಮಂತ್ರವನ್ನು ಜಪಿಸುವವನು ಮುಖ್ಯಪ್ರಾಣನೆಂಬುದು ನಮ್ಮ ಸಂಪ್ರದಾಯ. ನಮ್ಮ ಉಸಿರನ್ನು ಆಡಿಸುವವನು ಯಾರೋ ಅವನೇ ಮೂಲೆಯ ಬಲೆಯಲ್ಲಿ ಕುಳಿತ ಜೇಡನ ಉಸಿರನ್ನೂ ಆಡಿಸುತ್ತಾನೆ. ವಾಯುದೇವರ ಮಂದಿರದ ಮುಂದೆ ಕೈಜೋಡಿಸಿ ನಿಂತವರು, ಅದೇ ವಾಯುವು ಜಪ ಮಾಡುತ್ತಿರುವ ಮತ್ತೊಂದು ಪುಟ್ಟ ಮಂದಿರವನ್ನು ಚಪ್ಪಲಿಯಿಂದ ಹೊಡೆಯುವ ಮೊದಲು ಒಂದು ಕ್ಷಣ ನಿಲ್ಲುವುದು ಉಚಿತ.

ಮಹಾಭಾರತದ ಅನುಶಾಸನಪರ್ವದಲ್ಲಿ ಕೀಟವೊಂದರ ಉಪಾಖ್ಯಾನವಿದೆ. ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿಯೂ ಕೀಟದ ಕಥೆಯನ್ನು ಎತ್ತಿಕೊಂಡಿದ್ದಾರೆ. ಬಂಡಿಯ ದಾರಿಯಲ್ಲಿ ಒಂದು ಹುಳುವು ಅವಸರದಿಂದ ಹರಿದುಹೋಗುತ್ತಿರುವುದನ್ನು ಭಗವಾನ್ ವೇದವ್ಯಾಸರು ಕಾಣುತ್ತಾರೆ. ಏಕೆ ಓಡುತ್ತಿರುವೆ ಎಂದು ಕೇಳಿದರೆ, ಬರುತ್ತಿರುವ ಬಂಡಿಯ ಸದ್ದಿಗೆ ಹೆದರಿದೆನೆಂದು ಅದು ಹೇಳುತ್ತದೆ. ಈ ದೇಹದಲ್ಲಿ ನಿನಗೇನು ಸುಖ ಎಂದರೆ, ತನ್ನ ದೇಹದಲ್ಲಿ ತನಗೂ ಸುಖವಿದೆ, ಪ್ರಾಣವು ತನಗೂ ಪ್ರಿಯವೇ ಎಂಬುದು ಅದರ ಉತ್ತರ. ಹಿಂದಿನ ಜನ್ಮದಲ್ಲಿ ಆ ಜೀವನು ಜಿಪುಣನಾದ ಧನಿಕನಾಗಿದ್ದು, ವೃದ್ಧಳಾದ ತಾಯಿಯನ್ನು ಪೂಜಿಸಿದುದು ಹಾಗೂ ಒಮ್ಮೆ ಅತಿಥಿಯನ್ನು ಸತ್ಕರಿಸಿದುದು ಮಾತ್ರ ಅವನ ಪುಣ್ಯವಾಗಿತ್ತು. ವ್ಯಾಸರ ಅನುಗ್ರಹದಿಂದ ಆ ಕೀಟವು ಕ್ಷತ್ರಿಯನಾಗಿ, ಬ್ರಾಹ್ಮಣನಾಗಿ ಹುಟ್ಟಿ ಸದ್ಗತಿಯನ್ನು ಪಡೆಯಿತು. ಎಂಟು ಕಾಲುಗಳ ಈ ದೇಹದಲ್ಲಿ ಇಂದು ಕುಳಿತಿರುವ ಜೀವನು ಯಾವ ಯೋಗ್ಯತೆಯವನೆಂದು ನಾವು ಬಲ್ಲೆವೇ?

ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಯುಧಿಷ್ಠಿರನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುವಾಗ, ಜಿಂಕೆ, ಒಂಟೆ, ಕತ್ತೆ, ಕೋತಿ, ಇಲಿ, ಹರಿದಾಡುವ ಪ್ರಾಣಿ, ಹಕ್ಕಿ, ನೊಣ ಇವುಗಳನ್ನು ತನ್ನ ಮಕ್ಕಳಂತೆ ಕಾಣಬೇಕೆಂದು ಹೇಳಿದ್ದಾರೆ. ಪಟ್ಟಿಯನ್ನು ಗಮನಿಸಿರಿ. ಹಸುವನ್ನೋ ಗಿಳಿಯನ್ನೋ ಪ್ರೀತಿಸಲು ಉಪದೇಶ ಬೇಕಿಲ್ಲ. ಇಲಿ, ನೊಣ, ಹರಿದಾಡುವ ಪ್ರಾಣಿ ಎಂದು ನಮ್ಮನ್ನು ಪೀಡಿಸುವವುಗಳನ್ನೇ ನಾರದರು ಆರಿಸಿ ಹೇಳಿದ್ದಾರೆ. ಮಕ್ಕಳಂತೆ ಎಂದರೆ ತಲೆಯ ಮೇಲೆ ಕೂರಿಸಿಕೊಳ್ಳಿರೆಂದಲ್ಲ. ತಂದೆಯು ಮಗುವನ್ನು ಒಲೆಯ ಬಳಿಯಿಂದ ಎತ್ತಿ ದೂರ ಕೂರಿಸುತ್ತಾನೆ, ಬಾಗಿಲನ್ನು ಹಾಕುತ್ತಾನೆ, ಡಬ್ಬಿಯನ್ನು ಎತ್ತರದಲ್ಲಿ ಇಡುತ್ತಾನೆ. ಆದರೆ ಅದನ್ನು ದ್ವೇಷಿಸುವುದಿಲ್ಲ.

ಊರ್ಣನಾಭಿ

ಜೇಡನಿಗೆ ವೇದದಲ್ಲಿಯೇ ಸ್ಥಾನವಿದೆ. ಅಥರ್ವವೇದಕ್ಕೆ ಸೇರಿದ ಮುಂಡಕೋಪನಿಷತ್ತಿನಲ್ಲಿ ಅಂಗಿರಸರು ಶೌನಕನಿಗೆ ಅಕ್ಷರಬ್ರಹ್ಮನಿಂದ ಜಗತ್ತು ಹೇಗೆ ಉಂಟಾಯಿತೆಂಬುದನ್ನು ತಿಳಿಸುವಾಗ ಮೂರು ದೃಷ್ಟಾಂತಗಳನ್ನು ಕೊಡುತ್ತಾರೆ. ಮೊದಲನೆಯದೇ ಊರ್ಣನಾಭಿ, ಅಂದರೆ ಜೇಡ. ಅದು ದಾರವನ್ನು ಹೊರಚೆಲ್ಲಿ ಮತ್ತೆ ಒಳಗೆ ತೆಗೆದುಕೊಳ್ಳುವಂತೆ ಭಗವಂತನು ಸೃಷ್ಟಿಸಂಹಾರಗಳನ್ನು ನಡೆಸುತ್ತಾನೆ. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಜೇಡವನ್ನೂ ಎಣಿಸಿದ್ದು ಈ ಕಾರಣದಿಂದಲೇ.

ಬ್ರಹ್ಮನೇ ಜಗತ್ತಾಗಿ ಮಾರ್ಪಟ್ಟನೆಂದು ಈ ದೃಷ್ಟಾಂತದಿಂದ ಸಾಧಿಸಲು ಹೊರಡುವವರುಂಟು. ನಮ್ಮ ಸಿದ್ಧಾಂತದಲ್ಲಿ ಅದು ಹಾಗಲ್ಲ. ಜೇಡನ ಒಳಗಿರುವ ಚೇತನವು ದಾರವಾಗುವುದಿಲ್ಲ. ತಿಂದ ಆಹಾರವೇ ಅದರ ಜಡವಾದ ಹೊಟ್ಟೆಯಲ್ಲಿ ದಾರದ ರೂಪವನ್ನು ತಾಳುತ್ತದೆ. ದಾರವನ್ನು ನೇಯುವ ಜೇಡ ಬೇರೆ, ನೇಯಲ್ಪಟ್ಟ ಬಲೆ ಬೇರೆ. ಹಾಗೆಯೇ ಪ್ರಕೃತಿಯನ್ನು ಉಪಾದಾನವಾಗಿಟ್ಟುಕೊಂಡು ಜಗತ್ತನ್ನು ರಚಿಸುವ ಭಗವಂತನು ತಾನು ಯಾವ ವಿಕಾರವನ್ನೂ ಹೊಂದದೆ ನಿಮಿತ್ತಕಾರಣನಾಗಿ ನಿಲ್ಲುತ್ತಾನೆ.

ಪ್ರಾಣಿಶಾಸ್ತ್ರವು ನಾವು ಕಾಲೇಜಿನಲ್ಲಿ ಓದಿದ ವಿಷಯವಲ್ಲ. ಆದರೂ ಕುತೂಹಲದಿಂದ ಆ ಪುಸ್ತಕಗಳನ್ನು ತಿರುವಿ ನೋಡಿದಾಗ ಸಂತೋಷವಾಯಿತು. ಜೇಡನ ಹೊಟ್ಟೆಯಲ್ಲಿ ದ್ರವರೂಪದಲ್ಲಿರುವ ವಸ್ತುವು ಹೊರಗೆ ಎಳೆದಾಗ ಗಟ್ಟಿಯಾಗಿ ದಾರವಾಗುತ್ತದೆ. ಅದು ತಿಂದ ಆಹಾರದ ಸಾರದಿಂದಲೇ ಆದದ್ದು. ಚಕ್ರದಾಕಾರದ ಬಲೆ ಹೆಣೆಯುವ ಜೇಡಗಳಲ್ಲಿ ಅನೇಕವು ಹಳೆಯ ಬಲೆಯನ್ನು ತಾವೇ ತಿಂದು, ಅದೇ ಸಾರದಿಂದ ಹೊಸ ಬಲೆಯನ್ನು ಹೆಣೆಯುತ್ತವೆ. ಉಪನಿಷತ್ತಿನ ಋಷಿಯು ಕಣ್ಣಾರೆ ಕಂಡುದನ್ನೇ ಹೇಳಿದ್ದಾನೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಮನೆಗಳಲ್ಲಿರುವ ಜೇಡಗಳು ಸಾಮಾನ್ಯವಾಗಿ ಮನುಷ್ಯನಿಗೆ ಅಪಾಯವನ್ನುಂಟುಮಾಡುವವಲ್ಲ. ನೊಣ, ಸೊಳ್ಳೆ, ಜಿರಳೆಗಳೇ ಅವುಗಳ ಆಹಾರ. ಬಲೆ ಕಟ್ಟದೆ ರಾತ್ರಿಯಲ್ಲಿ ಗೋಡೆಯ ಮೇಲೆ ಓಡಾಡುವ ದೊಡ್ಡ ಜೇಡವನ್ನು ಕಂಡು ಮಕ್ಕಳು ಕಿರಿಚುತ್ತಾರೆ. ಅದು ಬರುವುದು ಮಕ್ಕಳಿಗಾಗಿ ಅಲ್ಲ, ಜಿರಳೆಗಾಗಿ.

ಜೇಡವನ್ನು ಉಳಿಸಿದರೆ ನೊಣ ಸಾಯುತ್ತದೆಯಲ್ಲವೇ ಎಂದು ತರ್ಕಿಸುವವರಿಗೆ ಒಂದು ಮಾತು. ಪ್ರಾಣಿಗಳಲ್ಲಿ ಒಂದು ಮತ್ತೊಂದಕ್ಕೆ ಆಹಾರವಾಗಿರುವುದನ್ನು ಭಾಗವತದ ಪ್ರಥಮಸ್ಕಂಧದಲ್ಲಿ ನಾರದರೇ ಹೇಳಿದ್ದಾರೆ. ಜೇಡವು ನೊಣವನ್ನು ಹಿಡಿಯುವುದು ಸ್ವಭಾವ. ಅದಕ್ಕೆ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ವಿಧಿನಿಷೇಧಗಳು ಮನುಷ್ಯನಿಗೆ ಮಾತ್ರ. ನೊಣದ ಲೆಕ್ಕ ಜೇಡಕ್ಕಿಲ್ಲ. ಜೇಡದ ಲೆಕ್ಕ ನಮಗಿದೆ.

ಮಾಂಡವ್ಯರ ಶೂಲ

ಆ ಲೆಕ್ಕವು ಎಂತಹದೆಂಬುದಕ್ಕೆ ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯರ ಕಥೆಯಿದೆ. ಮೌನವ್ರತದಲ್ಲಿದ್ದ ಮಾಂಡವ್ಯರ ಆಶ್ರಮದಲ್ಲಿ ಕಳ್ಳರು ಕದ್ದ ಮಾಲನ್ನು ಬಚ್ಚಿಟ್ಟರು. ರಾಜಭಟರು ಋಷಿಯನ್ನೂ ಹಿಡಿದೊಯ್ದರು, ರಾಜನು ಶೂಲಕ್ಕೇರಿಸಿದನು. ಋಷಿಗಳು ಶೂಲದ ಮೇಲೆಯೂ ಪ್ರಾಣ ಬಿಡದೆ ತಪಸ್ಸನ್ನಾಚರಿಸಿದರು. ರಾಜನು ತಪ್ಪನ್ನರಿತು ಕ್ಷಮೆ ಬೇಡಿ ಕೆಳಗಿಳಿಸಿದರೂ ಶೂಲದ ತುದಿ ದೇಹದಲ್ಲಿಯೇ ಉಳಿಯಿತು. ಅವರು ಧರ್ಮರಾಜನ ಬಳಿಗೆ ಹೋಗಿ, ಯಾವ ಪಾಪಕ್ಕೆ ತನಗೆ ಈ ಫಲವೆಂದು ಕೇಳಿದರು. ಬಾಲ್ಯದಲ್ಲಿ ನೀನು ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂದು ಧರ್ಮರಾಜನು ಹೇಳಿದನು. ಅಲ್ಪ ಅಪರಾಧಕ್ಕೆ ಮಹಾದಂಡವನ್ನು ವಿಧಿಸಿದೆಯೆಂದು ಮಾಂಡವ್ಯರು ಕೋಪಗೊಂಡು ಶಪಿಸಿದರು. ಯಮಧರ್ಮನು ವಿದುರನಾಗಿ ಜನಿಸಿದುದು ಆ ಶಾಪದಿಂದ. ಹದಿನಾಲ್ಕು ವರ್ಷಗಳವರೆಗೆ ಮಕ್ಕಳು ಮಾಡಿದುದು ಪಾಪವಾಗದೆಂಬ ಮೇರೆಯನ್ನೂ ಮಾಂಡವ್ಯರೇ ಹಾಕಿದರು.

ಈ ಕಥೆಯಿಂದ ಎರಡು ಪಾಠಗಳು ದೊರೆಯುತ್ತವೆ. ಆಟಕ್ಕಾಗಿ ಮಾಡಿದ ಹಿಂಸೆಯು, ಅದು ಕೀಟದ್ದೇ ಆಗಿರಲಿ, ಲೆಕ್ಕವಿಲ್ಲದೆ ಹೋಗುವುದಿಲ್ಲ. ಹಾಗೆಯೇ, ಲೆಕ್ಕವನ್ನು ಮಿತಿಮೀರಿ ಕಠಿನವಾಗಿ ಬರೆದವನು ಸ್ವತಃ ಧರ್ಮರಾಜನೇ ಆದರೂ ಅವನಿಗೂ ದಂಡ ತಪ್ಪಲಿಲ್ಲ. ಇನ್ನೊಬ್ಬರ ಪಾಪವನ್ನು ತೂಗುವವರು ಈ ಎರಡನೆಯ ಪಾಠವನ್ನು ಮರೆಯಬಾರದು.

ಮಾಂಡವ್ಯರ ರಿಯಾಯಿತಿಯು ಹದಿನಾಲ್ಕು ದಾಟಿದವರಿಗಿಲ್ಲ. ನಾವು ಪ್ರಾಯ ಬಂದ ಮೇಲೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಿಕೊಳ್ಳುವುದು ಕರ್ತವ್ಯ. ಐದು ವರ್ಷಗಳ ಹಿಂದಿನ ಶ್ರಾವಣಮಾಸದಲ್ಲಿ, ದೇವಸ್ಥಾನದ ಉಗ್ರಾಣದಿಂದ ಅಕ್ಕಿ ತರಲು ಹೋದಾಗ ಗೋಡೆಯ ಮೇಲೆ ಅಂಗೈ ಅಗಲದ ಜೇಡವಿತ್ತು. ಅದರ ಹೊಟ್ಟೆಯಡಿಯಲ್ಲಿ ಹಳೆಯ ನಾಲ್ಕಾಣೆಯ ನಾಣ್ಯದಷ್ಟು ಬಿಳಿಯ ಬಿಲ್ಲೆ. ನಾವು ಹಿಂದುಮುಂದು ನೋಡದೆ ಹಿಡಿಸೂಡಿಯಿಂದ ಹೊಡೆದೆವು. ಮೊದಲ ಏಟಿಗೆ ಎರಡು ಕಾಲುಗಳು ಕಳಚಿದುವು. ಅದು ಓಡಲು ನೋಡಿತು. ಆದರೆ ಬಿಲ್ಲೆಯನ್ನು ಬಿಡಲಿಲ್ಲ. ಎರಡನೆಯ ಏಟಿಗೆ ಸತ್ತುಬಿದ್ದಾಗಲೂ ಉಳಿದ ಕಾಲುಗಳು ಅದನ್ನು ಅಪ್ಪಿಕೊಂಡೇ ಇದ್ದುವು. ನಮ್ಮ ತೀರ್ಥರೂಪರು ಬಾಗಿಲಲ್ಲಿ ನಿಂತು ನೋಡಿದ್ದರು. “ಮಾಣಿ, ಅದು ಮೊಟ್ಟೆಯ ಚೀಲ. ಬಿಟ್ಟಿದ್ದರೆ ಓಡಿ ಉಳಿಯುತ್ತಿತ್ತು” ಎಂದರು. ಅಷ್ಟೇ. ಆ ದಿನಗಳಲ್ಲಿ ನಮ್ಮ ಪತ್ನಿಗೆ ಏಳು ತಿಂಗಳಾಗಿತ್ತು. ಗರ್ಭಿಣೀಪತಿಯು ಪ್ರಾಣಿವಧೆಯನ್ನು ಮಾಡಬಾರದೆಂಬ ನಿಯಮವನ್ನು ನಮಗೆ ಪಾಠ ಹೇಳಿಕೊಟ್ಟವರೇ ಅವರು. ಆದರೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನಮಗೆ ಹಗುರವೆನಿಸುತ್ತಿತ್ತು.

ಮಧ್ಯಾಹ್ನದ ಪೂಜೆಯಾದ ಮೇಲೆ ಏನು ಪ್ರಾಯಶ್ಚಿತ್ತವೆಂದು ಕೇಳಿದೆವು. “ನೀನು ವೈಶ್ವದೇವ ಬಿಟ್ಟು ಎಷ್ಟು ದಿನವಾಯಿತು?” ಎಂದು ಮರುಪ್ರಶ್ನೆ ಬಂದಿತು. ನಿಜವಾಗಿ, ಹೊತ್ತಿಲ್ಲವೆಂಬ ನೆಪದಿಂದ ನಾವು ಅದನ್ನು ತಂದೆಯವರಿಗೇ ಬಿಟ್ಟಿದ್ದೆವು. ಐದು ಸೂನೆಗಳನ್ನು ಉಳಿಸಿಕೊಂಡು ಐದು ಯಜ್ಞಗಳನ್ನು ಮಾತ್ರ ಕೈಬಿಟ್ಟಿದ್ದೆವು. “ನಾಳೆಯಿಂದ ಬಲಿಯ ಅನ್ನ ನೀನೇ ಇಡು” ಎಂದರು. ಅಂದಿನಿಂದ ಇಡುತ್ತಿದ್ದೇವೆ. ತೀರ್ಥರೂಪರು ಹರಿಪಾದವನ್ನು ಸೇರಿ ಎರಡು ವರ್ಷಗಳಾದುವು. ಆ ಅನ್ನವನ್ನು ನೆಲಕ್ಕಿಡುವಾಗ ಉಗ್ರಾಣದ ಗೋಡೆ ನೆನಪಾಗದ ದಿನವಿಲ್ಲ.

ತಾಯಿಯ ಪ್ರಶ್ನೆಗೆ ಉತ್ತರ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೇಲಿನದೆಲ್ಲವನ್ನೂ ನೋಡಿದರೆ ಹಿಂಸೆಯಲ್ಲಿ ಮೂರು ಬಗೆಗಳು ಕಾಣುತ್ತವೆ. ಆಟಕ್ಕೆ, ಅಸಹ್ಯಕ್ಕೆ, ಅವಸರಕ್ಕೆ ಮಾಡುವುದು ಒಂದು. ಮಾಂಡವ್ಯರ ಬಾಲ್ಯದ ಕೃತ್ಯವೂ ನಮ್ಮ ಹಿಡಿಸೂಡಿಯ ಏಟೂ ಆ ಬಗೆಯವು. ಅದು ತಪ್ಪು. ಮನೆವಾರ್ತೆಯಲ್ಲಿ ತಿಳಿಯದೆ ನಡೆಯುವುದು ಎರಡನೆಯದು. ಅದಕ್ಕೆ ಪಂಚಮಹಾಯಜ್ಞಗಳಿವೆ. ಆಶ್ರಿತರ ಪ್ರಾಣರಕ್ಷಣೆಗಾಗಿ ಅನ್ಯಮಾರ್ಗವಿಲ್ಲದೆ ಮಾಡುವುದು ಮೂರನೆಯದು. ಮಕ್ಕಳು, ವೃದ್ಧರು, ರೋಗಿಗಳು ಗೃಹಸ್ಥನ ಆಶ್ರಯದಲ್ಲಿರುವವರು. ಅವರನ್ನು ರಕ್ಷಿಸದೆ, ನಾನು ಸೊಳ್ಳೆಯನ್ನು ರಕ್ಷಿಸಿದೆನೆಂದು ಹೇಳುವುದು ಧರ್ಮವಲ್ಲ. ಅದು ತನ್ನ ಪುಣ್ಯಕ್ಕಾಗಿ ಮಗುವನ್ನು ಪಣವಿಟ್ಟಂತೆ.

ಡೆಂಗ್ಯೂ ಸಾಮಾನ್ಯ ಜ್ವರವಲ್ಲ. 2024ರಲ್ಲಿ ಕರ್ನಾಟಕ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಸೊಳ್ಳೆಯು ಹೆಚ್ಚಾಗಿ ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಸುತ್ತ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನಗಳು ಸಾಕು. ಆ ತಾಯಿಯು ತೊಟ್ಟಿಯನ್ನು ಚೆಲ್ಲಿದುದು ತನ್ನ ಮಗುವಿಗಾಗಿ ಮಾತ್ರವಲ್ಲ, ನೆರೆಮನೆಯ ಮಕ್ಕಳಿಗಾಗಿಯೂ ಹೌದು. ದ್ವೇಷದಿಂದ ಮಾಡಲಿಲ್ಲ, ಆಟಕ್ಕೆ ಮಾಡಲಿಲ್ಲ. ಮಾಡಿದ ಮೇಲೆ ಒಂದು ವರ್ಷ ಅದನ್ನು ಮನಸ್ಸಿನಲ್ಲಿಟ್ಟು ಕೊರಗಿದ್ದಾರೆ. ಇದು ಕರ್ತವ್ಯವೇ ಹೊರತು ಪಾಪವಲ್ಲವೆಂಬುದು ನಮ್ಮ ಬುದ್ಧಿಗೆ ತೋರುವ ನಿರ್ಣಯ. ಅಳಿದುಳಿದ ಲೇಪವೇನಾದರೂ ಇದ್ದರೆ ಅದಕ್ಕೆ ಭೂತಯಜ್ಞವಿದೆ, ಹರಿಸ್ಮರಣೆಯಿದೆ. ಹಾಗೆಂದು ಅತ್ತೆಯವರ ಮಾತು ಅಲಕ್ಷ್ಯಕ್ಕೆ ಯೋಗ್ಯವೆಂದಲ್ಲ. ನೀರಿನ ಹುಳುವೂ ಜೀವವೆಂದು ಆ ಮನೆಯಲ್ಲಿ ನೆನಪಿಸುವವರು ಒಬ್ಬರಿದ್ದಾರೆಂಬುದು ಮನೆಯ ಭಾಗ್ಯವೇ. ಸೊಸೆಯು ಕೆಲಸವನ್ನು ಮಾಡಲಿ, ಅತ್ತೆಯು ಕರುಣೆಯನ್ನು ನೆನಪಿಸಲಿ. ಎರಡೂ ಸೇರಿದರೆ ಗೃಹಸ್ಥಧರ್ಮ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಾಜಕದಲ್ಲಿ ಬಾಲಕ ವಾಸುದೇವರು ಸರ್ಪರೂಪದಿಂದ ಕಚ್ಚಬಂದ ಮಣಿಮಂತನೆಂಬ ಅಸುರನನ್ನು ಕಾಲಿನ ಹೆಬ್ಬೆರಳಿನಿಂದ ಮೆಟ್ಟಿ ಕೊಂದ ಕಥೆಯು ಸುಮಧ್ವವಿಜಯದಲ್ಲಿದೆ. ಕಂಡ ಹಾವನ್ನೆಲ್ಲ ಕೊಲ್ಲಲು ಇದನ್ನು ಆಧಾರವಾಗಿ ಹಿಡಿಯುವವರುಂಟು. ಒಳಗಿರುವವನು ಅಸುರನೆಂದು ಆ ಬಾಲಕನು ಬಲ್ಲವನಾಗಿದ್ದನು. ನಾವು ಬಲ್ಲೆವೇ? ನಾಗರಪಂಚಮಿಯಂದು ನೆಲವನ್ನು ಅಗೆಯದೆ, ಉಳದೆ ಇರುವ ಜನ ನಾವು. ಮರುದಿನ ಅಂಗಳಕ್ಕೆ ಬಂದ ಹಾವಿಗೆ ದೊಣ್ಣೆಯೆತ್ತುವುದು ಶೋಭಿಸದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರಹಾವನ್ನು ಕೊಲ್ಲುವುದು ಅಪರಾಧವೂ ಹೌದು. ಹಾವು ಬಂದರೆ ಮಕ್ಕಳನ್ನು ದೂರವಿರಿಸಿ, ಹಿಡಿಯಬಲ್ಲವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಕಚ್ಚಿದರೆ ಮಂತ್ರಕ್ಕೆ ಕಾಯದೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಹರಕೆಯನ್ನು ಅನಂತರ ಸಲ್ಲಿಸಬಹುದು.

ಆಚರಣೆಯ ಕ್ರಮ

ಕರುಣೆಗೂ ಕ್ರಮವುಂಟು. ಮೊದಲು ಬಾರದಂತೆ ತಡೆಯುವುದು, ಬಂದರೆ ಹೊರಗೆ ಸಾಗಿಸುವುದು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೊಲ್ಲುವುದು.

ಸೊಳ್ಳೆಯ ವಿಷಯದಲ್ಲಿ ಅತ್ಯುತ್ತಮವಾದ ಅಹಿಂಸೆಯೆಂದರೆ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಹುಟ್ಟದ ಜೀವಿಯನ್ನು ಕೊಲ್ಲಬೇಕಾಗಿಲ್ಲ. ತೋಟದಲ್ಲಿ ಬಿದ್ದ ಅಡಿಕೆಯ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರದ ಚಿಪ್ಪು, ಹಳೆಯ ಟಯರು, ತುಳಸೀಕಟ್ಟೆಯ ಹಣತೆ ಇವುಗಳನ್ನು ವಾರಕ್ಕೊಮ್ಮೆ ಬೋರಲು ಹಾಕಿರಿ. ಏಕಾದಶಿಗೆ ಹದಿನೈದು ದಿನ ಕಾಯಬೇಕು, ಇದಕ್ಕೆ ಏಳೇ ದಿನ. ತೊಟ್ಟಿಯನ್ನು ಬಟ್ಟೆಯಿಂದ ಮುಚ್ಚಿರಿ. ಹಗಲು ಮಲಗುವ ಮಗುವಿಗೂ ಸೊಳ್ಳೆಪರದೆ ಕಟ್ಟಿರಿ.

ಇಲಿಗೆ ವಿಷವಿಡುವ ಮೊದಲು ಅಕ್ಕಿಯ ಡಬ್ಬಿಗೆ ಮುಚ್ಚಳವಿದೆಯೇ ನೋಡಿರಿ. ಇಲಿಯ ಮೂತ್ರ ಸೇರಿದ ನೀರು, ಕೆಸರುಗಳಿಂದ ಇಲಿಜ್ವರ ಬರುತ್ತದೆ. ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಚೆಲ್ಲಿದ ಅನ್ನವನ್ನು ಆ ರಾತ್ರಿಯೇ ಎತ್ತಿದರೆ ಜಿರಳೆ, ಇಲಿ, ಹಾವು ಮೂರನ್ನೂ ಒಟ್ಟಿಗೆ ತಡೆದಂತೆ. ಗೋಡೆಗೆ ತಗುಲಿದ ಕಟ್ಟಿಗೆಯ ರಾಶಿಯನ್ನು ದೂರವಿಟ್ಟರೆ ಚೇಳೂ ದೂರವಿರುತ್ತದೆ.

ಗ್ರಂಥಗಳಿಗೆ ಹಿರಿಯರ ಕ್ರಮವೇ ಸಾಕು. ಓಲೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುವುದು, ಪುಸ್ತಕಗಳ ನಡುವೆ ಬಜೆ, ಬೇವಿನೆಲೆಗಳನ್ನು ಇಡುವುದು, ಬಿಸಿಲು ಬಂದ ದಿನ ತೆರೆದಿಟ್ಟು ಗಾಳಿಯಾಡಿಸುವುದು. ಮರಕ್ಕೆ ಗೆದ್ದಲು ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಸಂಜೆ ಲಕ್ಕಿಸೊಪ್ಪಿನ ಹೊಗೆ ಹಾಕುತ್ತಿದ್ದರು. ಅಡಿಗೆಮನೆಯಲ್ಲಿ, ವಿಶೇಷವಾಗಿ ನೈವೇದ್ಯದ ಪಾಕಶಾಲೆಯಲ್ಲಿ, ವಿಷದ ಔಷಧಿಯನ್ನು ಸಿಂಪಡಿಸುವುದು ಖಂಡಿತ ಕೂಡದು. ಜಿರಳೆಗೆ ಹಾಕಿದ ವಿಷವು ಅಲ್ಲಿಗೇ ನಿಲ್ಲುವುದಿಲ್ಲ.

ಜೇಡನ ಬಲೆಯನ್ನು ತೆಗೆಯಬಾರದೇ ಎಂದು ಕೇಳಿದರೆ, ತೆಗೆಯಲೇಬೇಕು. ದೇವಾಲಯದ ಸಮ್ಮಾರ್ಜನವು ಭಗವತ್ಸೇವೆಯೆಂದು ಭಾಗವತವೇ ಹೇಳಿದೆ. ಗರ್ಭಗುಡಿಯ ಮೂಲೆಯಲ್ಲಿ ಬಲೆ ತೂಗಾಡುವುದು ಕರುಣೆಯಲ್ಲ, ಸೋಮಾರಿತನ. ಧೂಳು ಹಿಡಿದ ಬರಿದು ಬಲೆಯನ್ನು ಗುಡಿಸಿರಿ. ಜೇಡವಿದ್ದರೆ ಅದರ ಮೇಲೆ ಲೋಟವನ್ನು ಬೋರಲಿಟ್ಟು, ಕೆಳಗೆ ದಪ್ಪ ಕಾಗದವನ್ನು ಮೆಲ್ಲನೆ ಸರಿಸಿ, ಹೊರಗೆ ಗಿಡದ ಬುಡದಲ್ಲಿ ಬಿಡಿರಿ. ಅರ್ಧ ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಅದಕ್ಕಾಗಿಯೇ ಒಂದು ಹಳೆಯ ಗಾಜಿನ ಲೋಟವಿದೆ. ಅಂದು ಗರ್ಭದಲ್ಲಿದ್ದ ಮಗಳಿಗೆ ಈಗ ನಾಲ್ಕು ವರ್ಷ ದಾಟಿದೆ. ಜೇಡ ಕಂಡರೆ ಅವಳು ಕಿರಿಚುವುದಿಲ್ಲ, ಲೋಟವನ್ನು ತರುತ್ತಾಳೆ.

ಕೊನೆಯದಾಗಿ, ಆ ತಾಯಿ ಕೇಳಿದ ಲೆಕ್ಕದ ಮಾತು. ಊಟಕ್ಕೆ ಕುಳಿತಾಗ ಪರಿಷೇಚನೆಯ ಬಳಿಕ ಎಲೆಯ ಬಲಗಡೆಯಲ್ಲಿ ಚಿತ್ರಾಹುತಿಯನ್ನು ಇಡುತ್ತೇವಲ್ಲವೇ? ಅದರಲ್ಲಿ ಯಮನಿಗೂ ಲೆಕ್ಕ ಬರೆಯುವ ಚಿತ್ರಗುಪ್ತನಿಗೂ ಭಾಗವಿದೆ. ಅವರ ಹೆಸರಿನಲ್ಲಿ ಇಟ್ಟ ಆ ಅನ್ನದ ಅಗುಳನ್ನು ಕಣ್ಣಿಗೆ ಕಾಣುವಂತೆ ಬಂದು ಒಯ್ಯುವುದು ಯಾರು? ಇರುವೆ. ನಮ್ಮ ಲೆಕ್ಕವನ್ನು ಬರೆಯುವವನ ಭಾಗವನ್ನು ನಾವು ಗುಡಿಸಿ ಎಸೆಯುವ ಜೀವಿಯೇ ಉಣ್ಣುತ್ತದೆ. ಇಂದು ಊಟಕ್ಕೆ ಕುಳಿತಾಗ ಇದನ್ನು ಒಮ್ಮೆ ನೆನೆದು, ಆ ಅಗುಳುಗಳನ್ನು ಅವಸರವಿಲ್ಲದೆ, ಮೆಲ್ಲನೆ ಇಡೋಣ. ಸರ್ವಜೀವಾಂತರ್ಯಾಮಿಯಾದ ಸ್ವಾಮಿಯು ಇದರಿಂದ ಪ್ರೀತನಾಗಲಿ.

ಶ್ರೀಕೃಷ್ಣಾರ್ಪಣಮಸ್ತು.